ಹಗೇವಿನ ಬಾಯಿ ತೆರೆದಾಗ: ಫ್ರೀಮೇಸನ್ ಲಾಡ್ಜಿನ ಪುನಶ್ಚೇತನ ಮತ್ತು ಸಾಂಗ್ಲಿ–ಮಿರಜದ ನೆರೆಯ ನಿದರ್ಶನಗಳು

1843ರಲ್ಲಿ ಪಶ್ಚಿಮ ಭಾರತದಲ್ಲಿ ಎರಡು ಘಟನೆಗಳು ನಡೆದವು. ಅವುಗಳನ್ನು ಯಾರೂ ಜೊತೆಗಿಟ್ಟು ನೋಡುವುದಿಲ್ಲ. ನವೆಂಬರ್ 5ರಂದು ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಅದೇ ವರ್ಷದ ಕೊನೆಗೆ ಮುಂಬಯಿಯಲ್ಲಿ ‘ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ’ ಎಂಬ ಫ್ರೀಮೇಸನ್ ಲಾಡ್ಜು ಹುಟ್ಟಿತು. ಮೊದಲನೆಯದರ ಹಿಂದೆ ಕನ್ನಡ ಮೂಲವೊಂದಿದೆ. ಹಿಂದಿನ ವರ್ಷ ಹೊನ್ನಾವರದ ಕಡೆಯ ಕರ್ಕಿಯಿಂದ ಬಂದ ಭಾಗವತ ಮೇಳದ ಯಕ್ಷಗಾನ ಆಟವನ್ನು ಸಾಂಗ್ಲಿಯ ಅರಸ ಚಿಂತಾಮಣರಾವ್ ಪಟವರ್ಧನರು ಕಂಡಿದ್ದರು. ಅಂಥದ್ದೊಂದನ್ನು ಮರಾಠಿಯಲ್ಲೂ ಮಾಡು ಎಂದು ಭಾವೆಯವರಿಗೆ ಹೇಳಿದರು. ಎರಡನೆಯದರ ಹಿಂದೆ ಇದ್ದದ್ದು ಒಂದು ಅವಮಾನ. ಪ್ಯಾರಿಸಿನಲ್ಲಿ ದೀಕ್ಷೆ ಪಡೆದಿದ್ದ ಪಾರಸಿ ಗೃಹಸ್ಥ ಮಾಣಕಜಿ ಕರ್ಸೆಟ್‌ಜಿಯವರಿಗೆ ಮುಂಬಯಿಯ ಯುರೋಪಿಯನ್ನರ ಲಾಡ್ಜು ಬಾಗಿಲು ತೆರೆಯಲಿಲ್ಲ. ಆಗ ಸ್ಕಾಟಿಷ್ ಶಾಖೆಯ ಮುಖ್ಯಸ್ಥರಾಗಿದ್ದ ಡಾ. ಜೇಮ್ಸ್ ಬರ್ನ್ಸ್ ಅವರ ಬೆಂಬಲದಿಂದ ಭಾರತೀಯರನ್ನೂ ಒಳಗೊಳ್ಳುವ ಹೊಸ ಲಾಡ್ಜು ಎದ್ದು ನಿಂತಿತು.

ಯಕ್ಷಗಾನ ಕರಾವಳಿಯಿಂದ ಬಂದದ್ದು, ಮೇಸನ್ ಲಾಡ್ಜು ಲಂಡನ್–ಎಡಿನ್‌ಬರೋಗಳಿಂದ ಬಂದದ್ದು. ಎರಡೂ ಎರವಲು ರೂಪಗಳೇ. ನೆರೆಯವರನ್ನು ಒಳಗೆ ಕರೆದಾಗಲೇ ಎರಡಕ್ಕೂ ಈ ನೆಲದಲ್ಲಿ ಬೇರು ಸಿಕ್ಕಿತು. ಸದಸ್ಯರು ಕಡಿಮೆಯಾಗಿ, ಸಭೆಗಳು ಕಳೆಗುಂದಿ, ಹಳೆಯ ಕಟ್ಟಡವೊಂದೇ ಉಳಿದಿರುವ ಲಾಡ್ಜಿಗೆ ಮತ್ತೆ ಜೀವ ಬರುವುದು ಹೇಗೆ ಎಂಬ ಪ್ರಶ್ನೆಯನ್ನು ಈ ಲೇಖನ ಸಾಂಗ್ಲಿ, ಮಿರಜ, ಮಾಧವನಗರಗಳ ನೆಲದಲ್ಲಿ ನಿಂತು ಕೇಳುತ್ತದೆ.

ಕನ್ನಡದ ಓದುಗರಿಗೆ ‘ಲಾಡ್ಜ್’ ಎಂದೊಡನೆ ಬಸ್‌ಸ್ಟ್ಯಾಂಡಿನ ಎದುರಿನ ಊಟ–ವಸತಿಯ ಹೋಟೆಲು ನೆನಪಾಗುವುದು ಸಹಜ. ಇಲ್ಲಿ ಆ ಪದಕ್ಕಿರುವ ಅರ್ಥ ಬೇರೆ. ಯುರೋಪಿನ ಕಲ್ಲುಕುಟಿಗರು ಕೆಲಸದ ಜಾಗದಲ್ಲಿ ಕಟ್ಟಿಕೊಳ್ಳುತ್ತಿದ್ದ ಬಿಡಾರವೇ ಮೂಲ ಲಾಡ್ಜು. ಅಲ್ಲಿನ ಶಿಷ್ಯ, ಜೊತೆಗಾರ, ಗುರು ಎಂಬ ಮೂರು ಮೆಟ್ಟಿಲುಗಳೇ ಮುಂದೆ ಫ್ರೀಮೇಸನರಿಯ ಮೂರು ಪದವಿಗಳಾದವು. ಕೈವಾರ, ಮೂಲೆಮಟ್ಟ, ತೂಕದ ಗುಂಡುಗಳು ಕಲ್ಲಿನ ಕೆಲಸದಿಂದ ಹೊರಬಂದು ನಡತೆಯ ಸಂಕೇತಗಳಾದವು. ಲಂಡನ್ನಿನ ಗ್ರ್ಯಾಂಡ್ ಲಾಡ್ಜು ಹುಟ್ಟಿದ್ದು 1717ರ ಜೂನ್ 24ರಂದು ಎಂಬುದು ಸಂಪ್ರದಾಯ; ಅದು 1721ರ ಸಂಗತಿ ಎಂದು ಈಚಿನ ಕೆಲವು ಇತಿಹಾಸಕಾರರು ವಾದಿಸುತ್ತಾರೆ. 1717ರಿಂದ ಎಣಿಸಿದರೆ ಹದಿಮೂರೇ ವರ್ಷಕ್ಕೆ, 1730ರಲ್ಲಿ, ಕಲ್ಕತ್ತೆಯಲ್ಲಿ ಭಾರತದ ಮೊದಲ ಲಾಡ್ಜು ತೆರೆದಿತ್ತು.

ವೃತ್ತಿಯಿಂದ ಹುಟ್ಟುವ ಬಂಧುತ್ವ ಕನ್ನಡ ನಾಡಿಗೆ ಹೊಸದಲ್ಲ. ಬೇಲೂರಿನ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳ ಹೆಸರುಗಳಿವೆ. ವ್ಯಾಪಾರಿಗಳ ಕೂಟವಾದ ಅಯ್ಯಾವೊಳೆಯ ಐನೂರ್ವರು ಐಹೊಳೆಯಿಂದ ಹೊರಟು ತಮಿಳು ನಾಡಿಗೆ ಹೋದರು. ಕಡಲು ದಾಟಿ ಸುಮಾತ್ರಾದ ಬಾರುಸಿನಲ್ಲಿ 1088ರಲ್ಲಿ ತಮಿಳು ಶಾಸನ ಹಾಕಿಸಿದರು. 12ನೇ ಶತಮಾನದ ತೇರದಾಳದ ಶಾಸನದಲ್ಲಿ ಜಿನಾಲಯಕ್ಕೆ ದಾನ ಕೊಟ್ಟವರೂ ಇವರೇ. ತೇರದಾಳ ಆಗ ಕೂಂಡಿ ಮೂರುಸಾಸಿರದಲ್ಲಿತ್ತು, ಮುಂದೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತು, ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಆ ಕೂಟದಲ್ಲಿ ಜೈನರಿದ್ದರು, ಶೈವರಿದ್ದರು, ವೈಷ್ಣವರಿದ್ದರು. ಎಲ್ಲರಿಗೂ ಒಂದು ಧರ್ಮ ಎಂದರೆ ಬಣಂಜು ಧರ್ಮ. ಎಲ್ಲರೂ ಸೇರಿ ಊರಿಗೆ ಏನಾದರೊಂದನ್ನು ಕಟ್ಟಿಕೊಡುತ್ತಿದ್ದರು. ಮೇಸನ್ ಲಾಡ್ಜಿನೊಡನೆ ಇದಕ್ಕೆ ನೇರ ನಂಟಿಲ್ಲ, ನಂಟು ಕಲ್ಪಿಸುವುದು ತಪ್ಪಾಗುತ್ತದೆ. ಜಾತಿ–ಮತಗಳನ್ನು ಮೀರಿದ ಸಂಘ ಎಂದರೆ ಪರದೇಶದ ಸರಕು ಎಂಬ ಭಾವನೆಯನ್ನು ಮಾತ್ರ ಇದು ಸರಿಪಡಿಸುತ್ತದೆ.

ಫ್ರೀಮೇಸನರಿ ಭಾರತದಲ್ಲಿ ದಂಡಿನ ಪ್ರದೇಶ, ಬಂದರು, ರೈಲ್ವೆ ಜಂಕ್ಷನ್ನುಗಳ ಹಾದಿ ಹಿಡಿದು ಹರಡಿತು. ಜನ ಅದನ್ನು ನಂಬಲಿಲ್ಲ. ಮುಚ್ಚಿದ ಕೋಣೆ, ಬಾಗಿಲಲ್ಲಿ ಹಿರಿದ ಕತ್ತಿ ಹಿಡಿದ ಕಾವಲುಗಾರ, ಒಳಗೆ ಏನು ನಡೆಯುತ್ತದೋ ಯಾರಿಗೂ ತಿಳಿಯದು. ಉತ್ತರ ಭಾರತದಲ್ಲಿ ಲಾಡ್ಜಿಗೆ ‘ಜಾದೂಘರ್’ ಎಂಬ ಹೆಸರೇ ಬಿತ್ತು. ಸೇರಬಯಸಿದ ಭಾರತೀಯರಿಗೂ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಬಂಗಾಳದಲ್ಲಿ ಪ್ರಸನ್ನಕುಮಾರ ದತ್ತರು ಹಿಂದೂ ಎಂಬ ಕಾರಣಕ್ಕೆ ವರ್ಷಗಟ್ಟಲೆ ಹೊರಗೇ ಕಾದರು. 1872ರಲ್ಲಿ ಕಲ್ಕತ್ತೆಯ ‘ಆಂಕರ್ ಅಂಡ್ ಹೋಪ್’ ಲಾಡ್ಜು ಅವರನ್ನು ಸೇರಿಸಿಕೊಂಡಿತು. ಹನ್ನೆರಡು ವರ್ಷಗಳ ಮೇಲೆ, 1884ರ ಫೆಬ್ರವರಿ 19ರಂದು, ಅದೇ ಲಾಡ್ಜಿಗೆ ಬಂದ ತರುಣ ನರೇಂದ್ರನಾಥ ದತ್ತ. ಅವರೇ ಮುಂದೆ ವಿವೇಕಾನಂದರಾಗಿ 1892ರ ಅಕ್ಟೋಬರಿನಲ್ಲಿ ಕೊಲ್ಲಾಪುರದಿಂದ ಬೆಳಗಾವಿಗೆ ಬಂದು ವಕೀಲ ಭಾಟೆಯವರ ಮನೆಯಲ್ಲಿ ಉಳಿದರು. ಒಬ್ಬ ದತ್ತರಿಗಾಗಿ ತೆರೆದ ಬಾಗಿಲು ಇನ್ನೊಬ್ಬ ದತ್ತರಿಗೂ ದಾರಿಯಾಯಿತು.

ಸ್ವಾತಂತ್ರ್ಯಾನಂತರ, 1961ರ ನವೆಂಬರ್ 24ರಂದು, ದೆಹಲಿಯಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ರಾಮಪುರದ ನವಾಬ ರಜಾ ಅಲಿ ಖಾನರು ಅದರ ಮೊದಲ ಗ್ರ್ಯಾಂಡ್ ಮಾಸ್ಟರ್. ಭಾರತೀಯ ಲಾಡ್ಜಿನ ವೇದಿಕೆಯ ಮೇಲೆ ಭಗವದ್ಗೀತೆ, ಕುರಾನ್, ಬೈಬಲ್, ಗುರುಗ್ರಂಥ ಸಾಹಿಬ್, ಅವೆಸ್ತಾಗಳನ್ನು ಅಕ್ಕಪಕ್ಕ ಇಡುತ್ತಾರೆ. ಒಳಗೆ ಬಂದವನು ತನ್ನ ಗ್ರಂಥದ ಮೇಲೆ ಕೈಯಿಟ್ಟು ಮಾತು ಕೊಡುತ್ತಾನೆ. ಸಭೆಯಲ್ಲಿ ರಾಜಕಾರಣವೂ ಮತವಾದವೂ ನಿಷಿದ್ಧ. ಐದು ಗ್ರಂಥಗಳ ಈ ಮೇಜು ಭಾರತದ ಮೇಸನರಿಯ ಅತಿ ದೊಡ್ಡ ಆಸ್ತಿ. ಹೊರಗಿನವರು ಅದನ್ನು ಕಾಣದಿರುವುದು ನಷ್ಟವೇ ಸರಿ.

ಲಾಡ್ಜುಗಳ ಸೊರಗುವಿಕೆ ಭಾರತಕ್ಕಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ 1959ರ ಹೊತ್ತಿಗೆ 40 ಲಕ್ಷ ದಾಟಿದ್ದ ಮೇಸನ್‌ಗಳ ಸಂಖ್ಯೆ ಈಗ 10 ಲಕ್ಷಕ್ಕಿಂತ ಕಡಿಮೆ. ರಾಬರ್ಟ್ ಪಟ್ನಮ್ 2000ದಲ್ಲಿ ಪ್ರಕಟಿಸಿದ ‘ಬೌಲಿಂಗ್ ಅಲೋನ್’ ಗ್ರಂಥ ಇಂಥ ಎಲ್ಲ ಸಂಘಗಳ ಕುಸಿತವನ್ನೂ ಒಟ್ಟಿಗೆ ನೋಡಿತು. ಟಿ.ವಿ., ದೂರದ ಕೆಲಸ, ತಲೆಮಾರಿನ ಬದಲಾವಣೆ ಮುಂತಾದ ಅಲ್ಲಿನ ಕಾರಣಗಳು ನಮ್ಮ ಊರುಗಳಿಗೂ ಪರಿಚಿತವೇ. ಆದರೆ ಲಾಡ್ಜಿನೊಳಗೇ ಹುಟ್ಟುವ ಕಾರಣಗಳೂ ಇವೆ, ಅವು ಒಂದು ಕ್ರಮದಲ್ಲಿ ಬರುತ್ತವೆ. ಹಣ ಕಡಿಮೆಯಾದಾಗ ಮೊದಲು ನಿಲ್ಲುವುದು ಊಟ. ಸಭೆಯ ನಂತರದ ‘ಫೆಸ್ಟಿವ್ ಬೋರ್ಡ್’ ಎಂಬ ಪಂಕ್ತಿಯೂಟ ಚಹಾ–ಬಿಸ್ಕತ್ತಿಗೆ ಇಳಿಯುತ್ತದೆ, ಆಮೇಲೆ ಅದೂ ಇಲ್ಲ. ಊಟ ನಿಂತಲ್ಲಿ ಮಾತು ನಿಲ್ಲುತ್ತದೆ. ಮಾತಿಲ್ಲದೆ ಕಲಿಕೆ ಇಲ್ಲ. ಹಿರಿಯರು ವಿಧಿಯ ಪಾಠವನ್ನು ಬಾಯಿಪಾಠ ಒಪ್ಪಿಸುತ್ತಾರೆ, ಕಿರಿಯರು ಅರ್ಥವಾಗದೆ ಕೇಳುತ್ತಾರೆ. ಕೊನೆಗೆ ಉಳಿಯುವ ದಾನವೂ ವರ್ಷಕ್ಕೊಮ್ಮೆ ಚೆಕ್ಕು ಬರೆಯುವಷ್ಟಕ್ಕೆ ಮುಗಿಯುತ್ತದೆ.

ಕೃಷ್ಣೆಯ ದಂಡೆಯ ಹರಿಪುರದಲ್ಲಿ ಸಾಂಗ್ಲಿಯ ಅರಿಶಿನವನ್ನು ನೆಲದ ಹಗೇವುಗಳಲ್ಲಿ ತುಂಬಿಡುವ ಪದ್ಧತಿ ಪ್ರಸಿದ್ಧ. ಮುಚ್ಚಿದ ಹಗೇವು ಸರಕನ್ನು ಕಾಪಾಡುತ್ತದೆ. ಆದರೆ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುವುದಿಲ್ಲ. ಕೆಟ್ಟ ಗಾಳಿ ಹೋಗಲಿ ಎಂದು ಕಾಯುತ್ತಾರೆ. ಅವಸರಪಟ್ಟವರು ಜೀವ ಕಳೆದುಕೊಂಡದ್ದುಂಟು. ಸೊರಗಿದ ಲಾಡ್ಜಿಗೆ ಹತ್ತು ಹೊಸ ಸದಸ್ಯರನ್ನು ಒಮ್ಮೆಲೇ ಇಳಿಸುವುದೂ ಇಂಥದ್ದೇ ಅವಸರ. ಒಳಗೆ ಬದಲಾಗಬೇಕಾದದ್ದು ಬದಲಾಗದಿದ್ದರೆ ಬಂದವರು ವರ್ಷದೊಳಗೆ ಬಿಟ್ಟುಹೋಗುತ್ತಾರೆ.

ಬದಲಾವಣೆ ಎಲ್ಲಿಂದ ಶುರುವಾಗಬೇಕು ಎಂಬುದಕ್ಕೆ ಮಿರಜದ ಸಿತಾರ ಮಾಡುವವರ ಓಣಿ ಒಂದು ಉತ್ತರ ಕೊಡುತ್ತದೆ. ಕತ್ತಿ–ಗುರಾಣಿಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು 19ನೇ ಶತಮಾನದಲ್ಲಿ ತಂತಿವಾದ್ಯಗಳ ಕಡೆ ಹೊರಳಿದವು. ಆ ಪರಂಪರೆಯಲ್ಲಿ ಫರೀದಸಾಹೇಬರ ಹೆಸರು ಮೊದಲು ಬರುತ್ತದೆ. ಪಂಢರಪುರದ ಕಡೆಯಿಂದ ಬಂದ ಒಣ ಸೋರೆಬುರುಡೆಯನ್ನು ನೆನೆಸಿ, ಕೊಯ್ದು, ತೂನ್ ಮರದ ಕುತ್ತಿಗೆಗೆ ಕೂಡಿಸುತ್ತಾರೆ. ತಂತಿ ಹೊರುವ ಕುದುರೆಯ ಮೇಲ್ಮೈಯನ್ನು ಅರದಿಂದ ಕೂದಲೆಳೆಯಷ್ಟು ಉಜ್ಜಿ ತಂತಿಗೆ ಜವಾರಿ ಎಂಬ ಝೇಂಕಾರ ಕೂರಿಸುವುದು ಕೊನೆಯ ಕೆಲಸ. ಹುಡುಗ ಮೊದಲು ಸೋರೆ ಒರೆಸುತ್ತಾನೆ, ವರ್ಷಗಳ ನಂತರ ಕುತ್ತಿಗೆ ಕೊರೆಯುತ್ತಾನೆ. ಜವಾರಿಗೆ ಕೈ ಹಚ್ಚಲು ಹಿರಿಯರ ಒಪ್ಪಿಗೆ ಬೇಕು. ಶಿಷ್ಯ, ಜೊತೆಗಾರ, ಗುರು ಎಂಬ ಮೂರು ಮೆಟ್ಟಿಲುಗಳು ಲಾಡ್ಜಿನಲ್ಲಿ ಸಂಕೇತವಾಗಿ ಉಳಿದಿದ್ದರೆ ಇಲ್ಲಿ ದಿನದ ದುಡಿಮೆಯಾಗಿವೆ. 2024ರಲ್ಲಿ ಮಿರಜದ ಸಿತಾರ, ತಾನಪುರಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮೇಸನರಿಯ ಶಿಕ್ಷಣಕ್ಕೆ ಇಲ್ಲಿ ಕಲಿಯಬೇಕಾದದ್ದಿದೆ. ಪದವಿಯನ್ನು ಮೂರು ಸಂಜೆಗಳಲ್ಲಿ ಕೊಟ್ಟು ಮುಗಿಸಬಾರದು. ಪ್ರತಿ ಮೆಟ್ಟಿಲಿನಲ್ಲಿ ಹೊಸಬನ ಕೈಯಲ್ಲಿ ಒಂದು ಕೆಲಸ ಇರಬೇಕು, ಪಕ್ಕದಲ್ಲಿ ಅದನ್ನು ತಿದ್ದುವ ಒಬ್ಬ ಹಿರಿಯನಿರಬೇಕು. ಇಂಗ್ಲೆಂಡಿನಲ್ಲಿ 1884ರಲ್ಲಿ ಸನದು ಪಡೆದ ‘ಕ್ವಾಟ್ಯೂರ್ ಕೊರೊನಾಟಿ’ ಲಾಡ್ಜು ಸಂಶೋಧನೆಯನ್ನೇ ತನ್ನ ಕೆಲಸವಾಗಿಸಿಕೊಂಡಿತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಲಾಡ್ಜುಗಳ ಮಾದರಿಯಲ್ಲಿ 2005ರಲ್ಲಿ ಶುರುವಾದ ವಿಶ್ವವಿದ್ಯಾಲಯಗಳ ಯೋಜನೆ ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು.

ಬಂಧುತ್ವಕ್ಕೆ ಮಿರಜ ಕೊಡುವ ನಿದರ್ಶನ ಇನ್ನೂ ಆಪ್ತವಾದದ್ದು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿ ಮೀರಾಸಾಹೇಬರ ದರ್ಗಾದಲ್ಲಿ ಹಾಡುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಆ ಹಾದಿಯಲ್ಲೇ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರು ಬಂದರು. 1937ರ ಅಕ್ಟೋಬರ್ 27ರಂದು ಖಾನರು ತೀರಿಕೊಂಡಾಗ ಮಿರಜದಲ್ಲೇ ಮಣ್ಣಾದರು. ಉರುಸಿನ ದಿನಗಳಲ್ಲಿ ದರ್ಗಾದ ಹುಣಸೆ ಮರದ ಕೆಳಗೆ ಅವರ ನೆನಪಿನ ಸಂಗೀತ ಸಭೆ ಇಂದಿಗೂ ನಡೆಯುತ್ತದೆ. ಹೆಸರಾಂತ ಗಾಯಕರೂ ಇಲ್ಲಿ ಸೇವೆ ಎಂದೇ ಹಾಡುತ್ತಾರೆ. ಕನ್ನಡ, ಮರಾಠಿ, ಉರ್ದು ಮಾತಾಡುವವರು ಒಂದೇ ಜಮಖಾನೆಯ ಮೇಲೆ ಕೂರುತ್ತಾರೆ. ಕಾವಲುಗಾರನಿಲ್ಲ, ಚಂದಾ ಇಲ್ಲ. ಹೆಂಗಸರು ಹೊರಗಿಲ್ಲ: ಹೀರಾಬಾಯಿ ಬಡೋದೇಕರ್ ಖಾನರ ಮಗಳೇ. ಫ್ರೀಮೇಸನರಿಯ ಮುಖ್ಯ ಶಾಖೆ ಹೆಂಗಸರನ್ನು ಇಂದಿಗೂ ಸದಸ್ಯರಾಗಿ ಸೇರಿಸುವುದಿಲ್ಲ. ಆ ನಿಯಮ ಒಂದು ಊರಿನ ಲಾಡ್ಜಿನ ಕೈಯಲ್ಲಿಲ್ಲ. ಆದರೆ ಪಂಕ್ತಿಯೂಟಕ್ಕೆ, ಉಪನ್ಯಾಸಕ್ಕೆ, ಸೇವೆಯ ಕೆಲಸಕ್ಕೆ ಮನೆಯವರನ್ನು ಕರೆಯುವುದು ಲಾಡ್ಜಿನ ಕೈಯಲ್ಲೇ ಇದೆ.

ಬಂಧುತ್ವ ಉಳಿಯುವುದು ಮುಖ್ಯವಾಗಿ ‘ಆಲ್ಮನರ್’ ಎಂಬ ಒಬ್ಬ ಪದಾಧಿಕಾರಿಯಿಂದ. ಕಾಯಿಲೆಯಾದವರ, ಗಂಡನನ್ನು ಕಳೆದುಕೊಂಡವರ, ಸಭೆಗೆ ಬರುವುದು ಬಿಟ್ಟವರ ಮನೆಗೆ ಹೋಗಿ ವಿಚಾರಿಸುವುದು ಅವರ ಕೆಲಸ. ಲಾಡ್ಜಿನಲ್ಲಿ ಅವರದು ದೊಡ್ಡ ಪೀಠವಲ್ಲ. ಪುನಶ್ಚೇತನಕ್ಕೆ ಹೊರಟ ಲಾಡ್ಜು ಅತ್ಯಂತ ಚುರುಕಿನ ಮನುಷ್ಯನನ್ನು ಮಾಸ್ಟರ್ ಪೀಠಕ್ಕಿಂತ ಮೊದಲು ಈ ಹುದ್ದೆಗೆ ಕೂಡಿಸಬೇಕು ಎಂಬುದು ಈ ಲೇಖನದ ಅಭಿಪ್ರಾಯ. ಬರುವುದು ಬಿಟ್ಟವನನ್ನು ಮರಳಿ ಕರೆತರುವುದು ಹೊಸಬನನ್ನು ಹುಡುಕುವುದಕ್ಕಿಂತ ಸುಲಭ. ಅವನು ಯಾಕೆ ಬಿಟ್ಟ ಎಂದು ಕೇಳಿಕೊಂಡರೆ ಲಾಡ್ಜಿನ ಕಾಯಿಲೆಯೂ ತಿಳಿಯುತ್ತದೆ.

ಇನ್ನು ಭಾಷೆಯ ಮಾತು. ಲಾಡ್ಜಿನ ವಿಧಿಗಳು ನಡೆಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಮಾಧವನಗರದಂಥ ಪೇಟೆಯಲ್ಲಿ ವ್ಯಾಪಾರಿಯ ಮನೆಮಾತು ಕನ್ನಡ, ಅಂಗಡಿಯ ಮಾತು ಮರಾಠಿ, ಸ್ಟೇಷನ್ನಿನಲ್ಲಿ ಹಿಂದಿ ಆಗಿರಬಹುದು. ಬುಧಗಾಂವದ ಕಿರಿಯ ಮಿರಜ ಸಂಸ್ಥಾನದ ನೆಲದಲ್ಲಿ ಬೆಳೆದ ಪೇಟೆ ಇದು. ಅದೇ ಸಂಸ್ಥಾನಕ್ಕೆ ಧಾರವಾಡ ಸೀಮೆಯ ಗುಡಗೇರಿಯೂ ಸೇರಿತ್ತು. ಹಿರಿಯ ಮಿರಜಕ್ಕೆ ಲಕ್ಷ್ಮೇಶ್ವರ, ಸಾಂಗ್ಲಿಗೆ ಶಿರಹಟ್ಟಿ, ಶಹಾಪುರಗಳು ಸೇರಿದ್ದವು. ಅಂದರೆ ಪಟವರ್ಧನರ ದಫ್ತರಗಳಿಗೆ ಕನ್ನಡ ಹೊರಗಿನ ಭಾಷೆಯಾಗಿರಲಿಲ್ಲ. 1919ರಲ್ಲಿ ಶುರುವಾದ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ದಶಕಗಳ ಕಾಲ ಕನ್ನಡ ಕಲಿಸಿದರು. ವಿ. ಕೃ. ಗೋಕಾಕರೂ ಅಲ್ಲಿ ಪ್ರಿನ್ಸಿಪಾಲರಾಗಿದ್ದರು. 1956ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಕನ್ನಡ ಸಾಹಿತ್ಯ ಚರಿತ್ರೆ’ಯ ಕರ್ತೃ ಮರಾಠಿ ಊರಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಮೇಷ್ಟರು ಎಂಬುದು ನೆನಪಿಡಬೇಕಾದ ಸಂಗತಿ. ವಿಧಿ ಯಾವ ಭಾಷೆಯಲ್ಲೇ ಇರಲಿ, ಅದರ ಅರ್ಥವನ್ನು ಮನೆಮಾತಿನಲ್ಲಿ ಚರ್ಚಿಸಲು ಯಾವ ಅಡ್ಡಿಯೂ ಇಲ್ಲ. ಭಾವೆಯವರು ಮಾಡಿದ್ದೂ ಇದೇ. ಕರ್ಕಿಯ ಆಟವನ್ನು ಹಾಗೇ ಒಪ್ಪಿಸಲಿಲ್ಲ, ಸಾಂಗ್ಲಿಯ ಜನರ ಬಾಯಿಗೆ ಹೊಂದಿಸಿದರು.

ಊರಿನ ಕೆಲಸದಲ್ಲಿ ಮೇಸನ್‌ಗಳಿಗೆ ಒಳ್ಳೆಯ ಪರಂಪರೆಯೇ ಇದೆ. ಕೊಯಮತ್ತೂರಿನ ಮೇಸನ್ ಮಕ್ಕಳ ಆಸ್ಪತ್ರೆ ದಕ್ಷಿಣದಲ್ಲಿ ಎದ್ದು ಕಾಣುವ ಉದಾಹರಣೆ. ಆದರೆ ಮಿರಜದಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರ ಮಿಷನ್ ಆಸ್ಪತ್ರೆ 1894ರಲ್ಲೇ ಶುರುವಾಗಿತ್ತು. ವೈದ್ಯಕೀಯ ಊರೆಂದೇ ಹೆಸರಾದಲ್ಲಿ ಇನ್ನೊಂದು ಆರೋಗ್ಯ ಶಿಬಿರ ಯಾರ ಕಣ್ಣಿಗೂ ಬೀಳುವುದಿಲ್ಲ. ಊರಿಗೆ ಯಾವುದರ ಕೊರತೆಯಿದೆ ಎಂದು ಮೊದಲು ನೋಡಬೇಕು.

ಅಂಥ ಒಂದು ಕೊರತೆಯನ್ನು ಪ್ರವಾಹ ತೋರಿಸಿಕೊಟ್ಟಿತು. 2019ರ ಆಗಸ್ಟಿನಲ್ಲಿ ಸಾಂಗ್ಲಿಯ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ನೀರಿನ ಮಟ್ಟ 57 ಅಡಿ ದಾಟಿತು. 1869ರಲ್ಲಿ ಶುರುವಾದ ಸಾಂಗ್ಲಿಯ ನಗರ ವಾಚನಾಲಯಕ್ಕೆ ಅದು ನೂರೈವತ್ತನೆಯ ವರ್ಷ. ನೀರು ಒಳಗೆ ನುಗ್ಗಿ ಸಾವಿರಾರು ಪುಸ್ತಕಗಳು ಹಾಳಾದವು. ಕೃಷ್ಣೆಯ ದಂಡೆಯ ಊರುಗಳಲ್ಲಿ ಹಳೆಯ ಪುಸ್ತಕ, ಖಾತೆಕಿರ್ದಿ, ಕಾಗದಪತ್ರಗಳಿಗೆ ಈ ಭಯ ಪ್ರತಿ ಮಳೆಗಾಲಕ್ಕೂ ಇದ್ದದ್ದೇ. ಅವನ್ನು ಉಳಿಸುವುದು ಒಂದು ಲಾಡ್ಜಿನ ಇಪ್ಪತ್ತು ಜನ ಮಾಡಬಹುದಾದ ಕೆಲಸ. ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕುವಂತಿಲ್ಲ, ಹಾಳೆಗಳು ಮುದುಡುತ್ತವೆ. ನೆರಳಿನಲ್ಲಿ, ಫ್ಯಾನಿನ ಗಾಳಿಯಲ್ಲಿ, ಹಾಳೆಗಳ ನಡುವೆ ಹೀರುಕಾಗದ ಇಡಬೇಕು. ಅದು ಒದ್ದೆಯಾದಾಗ ತೆಗೆದು ಮತ್ತೊಂದು ಇಡಬೇಕು. ಒಂದು ಪುಸ್ತಕಕ್ಕೆ ಇಬ್ಬರು ಬೇಕು, ಒಬ್ಬರು ಹಾಳೆ ಬಿಡಿಸಿ ಹಿಡಿಯಲು, ಇನ್ನೊಬ್ಬರು ಕಾಗದ ಸೇರಿಸಲು. ಹಳಬ ಒಂದು ಕಡೆ, ಹೊಸಬ ಒಂದು ಕಡೆ ಕೂತು ಮಾಡಿದರೆ ರಾತ್ರಿಯ ಊಟದ ಹೊತ್ತಿಗೆ ಏಳೆಂಟು ಪುಸ್ತಕ ಮುಗಿಯುತ್ತವೆ, ಉಳಿದವು ಮರುದಿನಕ್ಕೆ ಕಾದಿರುತ್ತವೆ.