ದಿಮ್ಮಿಯಿಂದ ದಿನಚರಿಗೆ

ಇಂಗ್ಲಿಷ್ ಭಾಷೆಗೆ ಕಡಲಿನಿಂದ ಬಂದ ಪದಗಳಲ್ಲಿ ‘ಲಾಗ್’ ಎಂಬುದರಷ್ಟು ದೂರ ಸಂಚರಿಸಿದುದು ಬಹುಶಃ ವಿರಳ. ಕಡಿದುರುಳಿಸಿದ ಮರದ ದಿಮ್ಮಿ ಎಂಬ ಅರ್ಥವಷ್ಟೇ ಇದ್ದ ಈ ಪದವು, ಹಡಗನ್ನೇರಿ ವೇಗವನ್ನಳೆಯುವ ಉಪಕರಣವಾಗಿ, ಆ ಅಳತೆಯನ್ನು ಬರೆದಿಡುವ ಪುಸ್ತಕವಾಗಿ, ಕಡೆಗೆ ಕಾಲಾನುಕ್ರಮದಲ್ಲಿ ಬರೆದ ಯಾವ ದಾಖಲೆಗಾದರೂ ಸಲ್ಲುವ ಹೆಸರಾಗಿ ಬೆಳೆಯಿತು. ಗಣಿತದ ‘ಲಾಗ್’ ಇದರ ದಾಯಾದಿಯಲ್ಲ. ಅದು ಜಾನ್ ನೇಪಿಯರನು 1614ರಲ್ಲಿ ಪ್ರಕಟಿಸಿದ, ಗ್ರೀಕ್ ಧಾತುಗಳಿಂದ ಕಟ್ಟಿದ ಲಾಗರಿದಮ್ ಎಂಬುದರ ಸಂಕ್ಷಿಪ್ತ ರೂಪ.

ಸೂರ್ಯನನ್ನೋ ಧ್ರುವನಕ್ಷತ್ರವನ್ನೋ ನೋಡಿ ಅಕ್ಷಾಂಶವನ್ನು ತಿಳಿಯಬಹುದಾಗಿತ್ತಾದರೂ, ಹದಿನೆಂಟನೆಯ ಶತಮಾನದಲ್ಲಿ ನಂಬಲರ್ಹವಾದ ಗಡಿಯಾರಗಳು ಹಡಗಿಗೆ ಬರುವವರೆಗೂ ರೇಖಾಂಶವನ್ನು ನಾವಿಕನು ಬಹುಮಟ್ಟಿಗೆ ದಿಕ್ಕು, ವೇಗ, ಕಾಲಗಳ ಲೆಕ್ಕದಿಂದಲೇ ಊಹಿಸಬೇಕಾಗಿದ್ದಿತು. ಆ ವೇಗವನ್ನಳೆಯಲು ಮರದ ತುಂಡೊಂದನ್ನು ನೀರಿಗೆ ಬಿಟ್ಟು, ಅದಕ್ಕೆ ಕಟ್ಟಿದ ಹಗ್ಗವು ಎಷ್ಟು ಬೇಗ ಬಿಚ್ಚಿಕೊಳ್ಳುವುದೆಂದು ನೋಡುವ ಕ್ರಮವನ್ನು ಆಂಗ್ಲ ಲೇಖಕ ವಿಲಿಯಂ ಬೋರ್ನ್ 1574ರ ತನ್ನ ನೌಕಾಶಾಸ್ತ್ರ ಗ್ರಂಥದಲ್ಲಿ ವರ್ಣಿಸಿದ್ದಾನೆ.

ಕಾಲಕ್ರಮೇಣ ದಿಮ್ಮಿಯು ಕಾಲುವೃತ್ತಾಕಾರದ ತೆಳುಹಲಗೆಯಾಯಿತು. ಅದರ ಬಾಗಿದ ಅಂಚಿಗೆ ಸೀಸವನ್ನು ತುಂಬಿದುದರಿಂದ ಅದು ನೀರಿನಲ್ಲಿ ನೆಟ್ಟಗೆ ನಿಂತು ಹಡಗಿನೊಡನೆ ಹೋಗಲೊಲ್ಲದೆ ಬಹುಮಟ್ಟಿಗೆ ಇದ್ದಲ್ಲಿಯೇ ಇರುತ್ತಿತ್ತು. ಹಡಗಿನ ಹಿಂಬದಿಯಲ್ಲಿ ಒಬ್ಬನು ಹಗ್ಗದ ರಾಟೆಯನ್ನು ಎತ್ತಿ ಹಿಡಿಯುವನು, ಇನ್ನೊಬ್ಬನು ಮರಳು ಗಡಿಯಾರದೊಡನೆ ಸಿದ್ಧನಾಗಿರುವನು, ಮೂರನೆಯವನು ಹಲಗೆಯನ್ನು ಎಸೆಯುವನು. ಹಡಗಿನ ಹಿಂದಣ ಕದಡಿದ ನೀರನ್ನು ಹಲಗೆಯು ದಾಟುವಷ್ಟು ಹಗ್ಗವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟು, ಅಲ್ಲಿ ಕಟ್ಟಿದ ಬಟ್ಟೆಯ ಚೂರು ಕೈಯಿಂದ ಜಾರಿದೊಡನೆ ಮರಳನ್ನು ತಿರುಗಿಸುವರು; ಮರಳು ಮುಗಿದೊಡನೆ ಹಗ್ಗವನ್ನು ಬಿಗಿಹಿಡಿದು, ಅದರಲ್ಲಿ ಸಮದೂರಕ್ಕೆ ಹಾಕಿದ್ದ ಗಂಟುಗಳಲ್ಲಿ ಹೊರಹೋದವನ್ನೆಣಿಸುವರು. ಬಿಗಿಹಿಡಿದಾಗಿನ ಸೆಳೆತಕ್ಕೆ ಹಲಗೆಯ ಬೆಣೆಯೊಂದು ಕಳಚಿ, ಅದು ಮಗುಚಿ ಮಲಗಿ, ಹೆಚ್ಚಿನ ಶ್ರಮವಿಲ್ಲದೆ ಹಡಗಿಗೆ ಹಿಂದಿರುಗುತ್ತಿತ್ತು. ಗಂಟು ಎಂಬರ್ಥದ ‘ನಾಟ್’ ವೇಗದ ಮಾನವಾದುದು ಹೀಗೆ.

ಗಂಟಿನಿಂದ ಗಂಟಿಗೆ ಇರಬೇಕಾದ ಅಂತರದ ಕಥೆಯು ಸ್ವಾರಸ್ಯವಾದುದು. ಮೈಲಿಗೆ 5000 ಅಡಿ ಎಂಬ ಹಳೆಯ ಎಣಿಕೆಯಂತೆ, 30 ಸೆಕೆಂಡುಗಳ ಮರಳಿಗೆ 42 ಅಡಿಯ ಅಂತರ ರೂಢಿಯಲ್ಲಿತ್ತು. ರಿಚರ್ಡ್ ನಾರ್ವುಡ್ ಎಂಬಾತನು ಲಂಡನ್ನಿನಿಂದ ಯಾರ್ಕಿನವರೆಗಿನ ದಾರಿಯನ್ನಳೆದು, ಎರಡೂ ಕಡೆ ಸೂರ್ಯನ ಉನ್ನತಿಯನ್ನು ನೋಡಿ, ಆ ಮೈಲಿಯು ತೀರ ಚಿಕ್ಕದೆಂದು 1637ರ ಗ್ರಂಥದಲ್ಲಿ ತೋರಿಸಿಕೊಟ್ಟರೂ, ನಾವಿಕರು ಹಳೆಯ ಹಗ್ಗವನ್ನು ಬೇಗನೆ ಬಿಡಲಿಲ್ಲ. ಲೆಕ್ಕವು ಹಡಗಿಗಿಂತ ಮುಂದಿದ್ದರೆ ಕರೆಯ ಬಂಡೆಗಳು ಬರುವ ಮುನ್ನವೇ ಎಚ್ಚರವಾಗಿರಬಹುದಲ್ಲವೇ? ಇದನ್ನು ಬರಿಯ ಹಠವೆನ್ನಲು ನನಗೆ ಮನಸ್ಸು ಬಾರದು. ಮುಂದೆ 28 ಸೆಕೆಂಡುಗಳಿಗೆ 47 ಅಡಿ 3 ಅಂಗುಲದ ಅಂತರ ನೆಲೆಗೊಂಡಿತು. 1929ರಲ್ಲಿ ಮೊನಾಕೋದ ಸಮ್ಮೇಳನವು ನಾವಿಕ ಮೈಲಿಯನ್ನು 1852 ಮೀಟರುಗಳೆಂದು ಗೊತ್ತುಪಡಿಸಿತು. ಗಂಟೆಗೊಂದು ನಾವಿಕ ಮೈಲಿ ಎಂಬುದೇ ನಾಟ್ ಆದಕಾರಣ ‘ಗಂಟೆಗೆ ಇಷ್ಟು ನಾಟ್’ ಎಂಬ ಪ್ರಯೋಗವು ದ್ವಿರುಕ್ತಿ. ನಮ್ಮ ಹವಾಮಾನ ಇಲಾಖೆಯವರೂ ಗಾಳಿಯು 34 ನಾಟ್ ಮುಟ್ಟಿದಾಗಲೇ ವಾಯುಭಾರ ಕುಸಿತಕ್ಕೆ ಚಂಡಮಾರುತವೆಂಬ ಪಟ್ಟವನ್ನು ಕೊಡುವುದು.

1802ರಲ್ಲಿ ಎಡ್ವರ್ಡ್ ಮ್ಯಾಸಿಯೂ, 1861ರಲ್ಲಿ ಥಾಮಸ್ ವಾಕರನೂ ನೀರಿನಲ್ಲಿ ತಿರುಗುವ ರೆಕ್ಕೆಗಳ ಯಂತ್ರಗಳಿಗೆ ಪೇಟೆಂಟ್ ಪಡೆದ ಮೇಲೆ ಹಲಗೆ, ಮರಳುಗಳ ಕಾಲವು ಮೆಲ್ಲಮೆಲ್ಲನೆ ಮುಗಿಯಿತು. ಯಂತ್ರಕ್ಕೂ ಲಾಗ್ ಎಂದೇ ಹೆಸರು.

ಆದರೆ ಅಳತೆಗಿಂತ ಅದರ ಬರೆವಣಿಗೆಯೇ ಲೋಕಕ್ಕೆ ಹೆಚ್ಚು ಉಪಕಾರ ಮಾಡಿತೆಂಬುದು ನನ್ನ ಅಭಿಪ್ರಾಯ. ಬೇರೊಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿದ ವೇಗ, ದಿಕ್ಕು, ಗಾಳಿಗಳನ್ನು ದಿನಕ್ಕೊಮ್ಮೆ ಪುಸ್ತಕಕ್ಕಿಳಿಸುವ ಪದ್ಧತಿಯಿಂದ ಲಾಗ್‌ಬುಕ್ ಹುಟ್ಟಿತು. ಅದರ ಕಡೆಯ ಅಂಕಣದಲ್ಲಿ ಹರಿದ ಹಾಯಿ, ಸತ್ತ ನಾವಿಕ, ಎದುರಾದ ಹಡಗು ಎಲ್ಲಕ್ಕೂ ಎಡೆಯಿತ್ತು. ಅಪಘಾತದಿಂದ ಕಾಲು ಊನವಾಗಿ ಕಡಲಿಗೆ ಹೋಗಲಾರದೆ, 1842ರಲ್ಲಿ ಅಮೆರಿಕದ ನೌಕಾಪಡೆಯ ನಕ್ಷೆಗಳ ಉಗ್ರಾಣಕ್ಕೆ ಮುಖ್ಯಸ್ಥನಾಗಿ ಬಂದ ಮ್ಯಾಥ್ಯೂ ಫಾಂಟೇನ್ ಮೋರಿಯು ಅಲ್ಲಿ ರಾಶಿಬಿದ್ದ ಹಳೆಯ ಲಾಗ್‌ಬುಕ್ಕುಗಳನ್ನು ಬಿಡಿಸಿ ಓದಿ, ಅವುಗಳಿಂದಲೇ ಗಾಳಿ ಮತ್ತು ಸಮುದ್ರ ಪ್ರವಾಹಗಳ ನಕ್ಷೆಗಳನ್ನು 1847ರಿಂದ ಹೊರತಂದನು. 1853ರಲ್ಲಿ ಬ್ರಸೆಲ್ಸಿನಲ್ಲಿ ನೆರೆದ ರಾಷ್ಟ್ರಗಳು ಕಡಲಿನ ಹವೆಯನ್ನು ಒಂದೇ ಮಾದರಿಯಲ್ಲಿ ಬರೆದಿಡಲು ಒಪ್ಪಿದುದರ ಹಿಂದೆಯೂ ಆತನೇ ಇದ್ದನು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಲಾಗ್‌ಬುಕ್ಕುಗಳನ್ನು ಇಂದಿನ ಹವಾಗುಣ ಶಾಸ್ತ್ರಜ್ಞರು ತಿರುವಿಹಾಕುತ್ತಿರುವುದು, ಹಿಂದೂ ಮಹಾಸಾಗರದ ಹಳೆಯ ಗಾಳಿ, ಉಷ್ಣತೆಗಳನ್ನು ಅರಿಯುವ ಸಲುವಾಗಿ.

ಪುಸ್ತಕವು ಮುಂದೆ ವಿಮಾನವನ್ನೇರಿತು, ಲಾರಿಯನ್ನೇರಿತು, ಕಂಪ್ಯೂಟರನ್ನು ಹೊಕ್ಕು ‘ಲಾಗಿನ್’ ಆಯಿತು. 1997ರಲ್ಲಿ ಜಾರ್ನ್ ಬಾರ್ಗರ್ ಎಂಬ ಅಮೆರಿಕನ್ನನು ಅಂತರಜಾಲದಲ್ಲಿ ತಾನು ಕಂಡುದರ ದಿನವಹಿಗೆ ‘ವೆಬ್‌ಲಾಗ್’ ಎಂದು ಹೆಸರಿಟ್ಟನು; 1999ರಲ್ಲಿ ಪೀಟರ್ ಮರ್ಹೋಲ್ಜ್ ಅದನ್ನು ವಿನೋದಕ್ಕಾಗಿ ‘ವೀ ಬ್ಲಾಗ್’ ಎಂದು ಒಡೆದುದರಿಂದ, ವೆಬ್ಬಿನ ಕಡೆಯ ಅಕ್ಷರವೊಂದು ದಿಮ್ಮಿಗಂಟಿಕೊಂಡು ‘ಬ್ಲಾಗ್’ ಎಂಬುದು ಹುಟ್ಟಿ, ಕನ್ನಡದಲ್ಲಿ ‘ಬ್ಲಾಗಿಗ’ರಿಗೂ ಎಡೆಮಾಡಿಕೊಟ್ಟಿತು.