ಪ್ಯಾರಿಸಿನ ಪರದೇಶ ಮಿಷನ್ ಸಂಘವೂ ಮೈಸೂರಿನ ದೊಡ್ಡಸ್ವಾಮಿಗಳೂ

ಪ್ಯಾರಿಸ್ ನಗರದಲ್ಲಿ 1663ರಲ್ಲಿ ತನ್ನ ಗುರುಮಠವನ್ನು ತೆರೆದ ಪರದೇಶ ಮಿಷನ್ ಸಂಘದ ದೃಷ್ಟಿ ಮೊದಲು ನೆಟ್ಟುದು ಸಯಾಂ, ವಿಯೆಟ್ನಾಂ, ಚೀನ ದೇಶಗಳ ಮೇಲೆ. ಕನ್ನಡನಾಡು ಅದರ ಸಂಕಲ್ಪದಲ್ಲಿರಲಿಲ್ಲ. 1773ರಲ್ಲಿ ಪೋಪರು ಯೇಸುಸಭೆಯನ್ನು ವಿಸರ್ಜಿಸಿದರು. ದಕ್ಷಿಣ ಭಾರತದಲ್ಲಿ ಆ ಸಭೆಯ ಫ್ರೆಂಚ್ ಪಾದ್ರಿಗಳು ನಡೆಸುತ್ತಿದ್ದ ಕಾರ್ಯ 1776ರಲ್ಲಿ ಈ ಸಂಘದ ಹೆಗಲಿಗೆ ಬಿದ್ದಿತು.

ಹೀಗೆ ಬಂದವರಲ್ಲಿ ಪ್ರಸಿದ್ಧನಾದವನು ಅಬೆ ದ್ಯುಬುವಾ. ಫ್ರಾನ್ಸಿನ ಮಹಾಕ್ರಾಂತಿಯ ನಡುವೆ, 1792ರಲ್ಲಿ, ದೀಕ್ಷೆ ಪಡೆದು ಅದೇ ವರ್ಷ ಹಡಗು ಹತ್ತಿದವನು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಚದುರಿದ ಕ್ರೈಸ್ತರನ್ನು ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದನು. ದೇಶೀಯ ಉಡುಪು ತೊಟ್ಟು, ಮಾಂಸಾಹಾರವನ್ನು ಬಿಟ್ಟ ಈತನನ್ನು ಜನರು ದೊಡ್ಡಸ್ವಾಮಿಗಳೆಂದು ಕರೆದರು. ಹಾಸನದ ಕಡೆ ಒಂದು ಕೃಷಿನೆಲೆಯನ್ನು ಕಟ್ಟಿದನು. ಸಿಡುಬಿನ ಲಸಿಕೆ ಭಾರತಕ್ಕೆ ಬಂದುದು 1802ರಲ್ಲಿ. ಅದಾದ ಒಂದೆರಡು ವರ್ಷಗಳಲ್ಲಿಯೇ ಈತನ ಪ್ರಯತ್ನದಿಂದ ಸುಮಾರು 25,000 ಮಂದಿಗೆ ದೇವಿ ಹಾಕಲಾಯಿತು.

ಆದರೆ ಲೋಕ ನೆನೆಯುವುದು ಹಿಂದೂಗಳ ಆಚಾರವ್ಯವಹಾರಗಳನ್ನು ಕುರಿತ ಆತನ ಗ್ರಂಥವನ್ನು. ಕರ್ನಲ್ ವಿಲ್ಕ್ಸನ ಮೂಲಕ ಮದರಾಸು ಸರಕಾರಕ್ಕೆ ಮುಟ್ಟಿದ ಹಸ್ತಪ್ರತಿಗೆ 1807ರಲ್ಲಿ 2000 ಸ್ಟಾರ್ ಪಗೋಡಾ ಬೆಲೆ ಕಟ್ಟಲಾಯಿತು. ನಮ್ಮವರು ವರಹವೆನ್ನುತ್ತಿದ್ದ ಈ ನಾಣ್ಯ ನೂರಕ್ಕೆ 350 ರೂಪಾಯಿಯಂತೆ ಮುಂದೆ 1818ರಲ್ಲಿ ನಿಗದಿಯಾದ ದರದಲ್ಲಿ ಅದು 7000 ರೂಪಾಯಿ. ಅಲ್ಪ ಮೊತ್ತವಲ್ಲ! ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಸರಕು ಯಾರದೆಂಬ ಪ್ರಶ್ನೆ ಏಳಲು ಒಂದೂವರೆ ಶತಮಾನಕ್ಕೂ ಹೆಚ್ಚು ಬೇಕಾಯಿತು. ಗ್ರಂಥದ ಬಹುಭಾಗಕ್ಕೆ ಯೇಸುಸಭೆಯ ಪಾದ್ರಿ ಕರ್ದೂ ಹದಿನೆಂಟನೆಯ ಶತಮಾನದಲ್ಲಿ ಬರೆದಿಟ್ಟ ಹಸ್ತಪ್ರತಿಯೇ ಆಧಾರವೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ಸಾಧಾರವಾಗಿ ತೋರಿಸಿದರು. ವಿಸರ್ಜಿತ ಸಭೆಯ ಊರು, ಗುಡಿಗಳೊಡನೆ ಅದರ ವಿದ್ವತ್ತೂ ಹೊಸ ಸಂಘದ ಪಾಲಿಗೆ ಬಂದಿತೆನ್ನಬಹುದು. ಹೆಸರು ಮಾತ್ರ ಹಿಂದೆ ಉಳಿಯಿತು. ಇಂದು ಈ ಗ್ರಂಥವನ್ನು ಮೈಸೂರು ಜನಜೀವನದ ಕಣ್ಣಾರೆ ಕಂಡ ಸಾಕ್ಷ್ಯವೆಂದು ಉದಾಹರಿಸುವವರು ಪುಟಪುಟಕ್ಕೂ ಎಚ್ಚರ ವಹಿಸಬೇಕು. ಅದರ ಹಲವು ಮಾತುಗಳು ತೆಲುಗುನಾಡಿನವು, ದ್ಯುಬುವಾ ಹುಟ್ಟಿದ ಕಾಲದವು.

ದೇವಿ ಹಾಕಿಸಿದ ಕೀರ್ತಿಗೆ ಈ ಕಳಂಕ ತಟ್ಟದು. ಮತಾಂತರದ ವಿಷಯದಲ್ಲಿಯೂ ಆತನು ನಿಷ್ಠುರವಾದಿ: ಹಿಂದೂಗಳನ್ನು ಕ್ರೈಸ್ತರನ್ನಾಗಿಸುವ ಕಾಲ ಮುಗಿಯಿತೆಂದು 1823ರ ಪತ್ರಗ್ರಂಥದಲ್ಲಿ ಸಾರಿದನು. ಪ್ರೊಟೆಸ್ಟಂಟ್ ಪಾದ್ರಿಗಳು ಕೆರಳಿ ಉತ್ತರ ಬರೆದರು. ಅದೇ ವರ್ಷ ಕಂಪನಿಯ ವಿಶ್ರಾಂತಿವೇತನದೊಡನೆ ಸ್ವದೇಶಕ್ಕೆ ಮರಳಿ, ಪಂಚತಂತ್ರವನ್ನು ಫ್ರೆಂಚಿನಲ್ಲಿ ಪ್ರಕಟಿಸಿ, 1836ರಿಂದ ಕೆಲಕಾಲ ಸಂಘದ ಮುಖ್ಯಸ್ಥನಾಗಿದ್ದು, 1848ರಲ್ಲಿ ತೀರಿಕೊಂಡನು.

ಅನಂತರ ಬಂದ ಬಿಷಪ್ ಶಾರ್ಬೊನೊ ಮೊದಲಾದವರ ಒಲವು ಕನ್ನಡದ ಕಡೆಗಿತ್ತು. ಬೆಂಗಳೂರಿನಿಂದ 1855ರಲ್ಲಿ ಕನ್ನಡ–ಲ್ಯಾಟಿನ್, 1861ರಲ್ಲಿ ಲ್ಯಾಟಿನ್–ಕನ್ನಡ ನಿಘಂಟುಗಳು ಹೊರಬಂದುವು. ಕಿಟ್ಟೆಲರ ಕೋಶ ಅಚ್ಚಾದುದು 1894ರಲ್ಲಿ.