ಚೈತ್ರದ ಹುಣ್ಣಿಮೆ: ಹೆಸರು ಮತ್ತು ಸಾಕ್ಷಿ

ಶಿರಸಿ-ಸಿದ್ದಾಪುರ ಸೀಮೆಯ ಹೇರೂರಿನಂತಹ ಮಲೆನಾಡಿನ ಊರುಗಳಲ್ಲಿ ಹುಣ್ಣಿಮೆಯ ಚಂದ್ರನು ಸೂರ್ಯಾಸ್ತದೊಡನೆಯೇ ಕಾಣಿಸುವುದಿಲ್ಲ. ಪೂರ್ವದ ಗುಡ್ಡವನ್ನೂ ಕಾಡಿನ ನೆತ್ತಿಯನ್ನೂ ದಾಟಿ ಅವನು ಮೇಲೇರುವವರೆಗೆ ಅಡಿಕೆ ತೋಟಗಳು ಕತ್ತಲೆಯಲ್ಲಿಯೇ ಇರುತ್ತವೆ. ಈ ಸೀಮೆ ಜೈನರಿಗೆ ಅಪರಿಚಿತವಲ್ಲ. ಸ್ವಾದಿಯಲ್ಲಿ ದಿಗಂಬರ ಜೈನ ಮಠವಿದೆ. ಬಿಳಗಿಯಲ್ಲಿ ರತ್ನತ್ರಯ ಬಸದಿಯಿದೆ. ಸಮೀಪದ ಬನವಾಸಿ ನಾಡನ್ನು ಹತ್ತನೆಯ ಶತಮಾನದಲ್ಲಿ ಆದಿಕವಿ ಪಂಪನು ಹಂಬಲಿಸಿ ನೆನೆದನು. ಇಲ್ಲಿಯ ಶ್ರಾವಕರು ತಲೆಮಾರುಗಳಿಂದ ಕಾಣುತ್ತ ಬಂದ ವಸಂತದ ಹುಣ್ಣಿಮೆಗೆ ಹೆಸರುಗಳು ಹಲವು.

ಕನ್ನಡಿಗರ ಬಾಯಲ್ಲಿ ಅದು ದವನದ ಹುಣ್ಣಿಮೆ. ಆ ದಿನಗಳಲ್ಲಿ ಕಂಪು ಬೀರುವ ದವನದ ಸಸ್ಯವೇ ಆ ಹೆಸರಿಗೆ ಮೂಲ. ಪಂಚಾಂಗದಲ್ಲಿ ಅದು ಚೈತ್ರ ಪೂರ್ಣಿಮೆ. ಚಂದ್ರನು ಚಿತ್ರಾ ನಕ್ಷತ್ರದ ಬಳಿಯಲ್ಲಿ ತುಂಬುವುದರಿಂದ ತಿಂಗಳಿಗೆ ಚೈತ್ರವೆಂಬ ಹೆಸರಾಯಿತು. ವೈದಿಕ ಸಾಹಿತ್ಯದಲ್ಲಿ ವಸಂತದ ಮೊದಲ ತಿಂಗಳಿಗೆ ಮಧು ಎಂಬ ಹೆಸರಿದೆ. ಶ್ವೇತಾಂಬರ ಆಗಮವಾದ ಸೂರ್ಯಪ್ರಜ್ಞಪ್ತಿಯು ತಿಂಗಳುಗಳಿಗೆ ಲೌಕಿಕ, ಲೋಕೋತ್ತರ ಎಂದು ಎರಡು ಬಗೆಯ ಹೆಸರುಗಳನ್ನು ಹೇಳುತ್ತದೆ. ಅದರಂತೆ ಚೈತ್ರದ ಲೋಕೋತ್ತರ ನಾಮ ವಸಂತ, ವೈಶಾಖದ್ದು ಕುಸುಮಸಂಭವ. ಒಂದು ಹೆಸರು ಗಿಡವನ್ನು ನೋಡಿ ಬಂದುದು, ಒಂದು ಋತುವನ್ನು ನೋಡಿ, ಮತ್ತೊಂದು ನಕ್ಷತ್ರವನ್ನು ನೋಡಿ. ನೋಡದೆ ಇಟ್ಟ ಹೆಸರು ಇವುಗಳಲ್ಲಿ ಒಂದೂ ಇಲ್ಲ.

ಅದೇ ಗ್ರಂಥದ ಲೆಕ್ಕವು ವ್ಯಾಪಾರಸ್ಥರಿಗೂ ಮೆಚ್ಚುಗೆಯಾಗುವಂತಹುದು. 5 ವರ್ಷಗಳ ಒಂದು ಯುಗಕ್ಕೆ 1830 ದಿನಗಳು. ಅದರಲ್ಲಿ ಸೌರಮಾಸಗಳು 60, ಚಾಂದ್ರಮಾಸಗಳು 62. ಹೆಚ್ಚಿದ ಎರಡೇ ಅಧಿಕಮಾಸಗಳು. ಈ ಗಣನೆಯಂತೆ ಚಾಂದ್ರಮಾಸಕ್ಕೆ ಸುಮಾರು 29.52 ದಿನಗಳಾಗುತ್ತವೆ, ಇಂದಿನ ವಿಜ್ಞಾನ ಹೇಳುವುದು 29.53. ದೂರದರ್ಶಕವಿಲ್ಲದ ಕಾಲದಲ್ಲಿ ಇಷ್ಟು ಸಮೀಪದ ಲೆಕ್ಕ ದೊರೆತುದು ಸತತವಾದ ವೀಕ್ಷಣೆಯಿಂದಲೇ.

ಜೈನರ ಮಟ್ಟಿಗೆ ಈ ಹುಣ್ಣಿಮೆಗೆ ಮತ್ತೊಂದು ಮಹತ್ವವಿದೆ. ಭಗವಾನ್ ಮಹಾವೀರರ ಜನ್ಮ ಚೈತ್ರ ಶುದ್ಧ ತ್ರಯೋದಶಿಯಂದು, ಉತ್ತರಾ ಫಾಲ್ಗುನಿ ನಕ್ಷತ್ರದಲ್ಲಿ, ಪರಂಪರೆಯಂತೆ ಕ್ರಿ.ಪೂ. 599ರಲ್ಲಿ. ಅನೇಕ ವಿಷಯಗಳಲ್ಲಿ ಭಿನ್ನವಾಗಿರುವ ದಿಗಂಬರ, ಶ್ವೇತಾಂಬರ ಸಂಪ್ರದಾಯಗಳೆರಡೂ ಈ ತಿಥಿ-ನಕ್ಷತ್ರಗಳಲ್ಲಿ ಏಕಾಭಿಪ್ರಾಯ ಹೊಂದಿವೆ. ಆಕಾಶವೂ ಇದಕ್ಕೆ ಹೊಂದುತ್ತದೆ. ಚಂದ್ರನು ದಿನಕ್ಕೆ ಸುಮಾರು ಒಂದು ನಕ್ಷತ್ರದಷ್ಟು ಮುಂದೆ ಸರಿಯುತ್ತಾನೆ. ತ್ರಯೋದಶಿಗೆ ಉತ್ತರೆಯಾದರೆ ಚತುರ್ದಶಿಗೆ ಹಸ್ತ, ಹುಣ್ಣಿಮೆಗೆ ಚಿತ್ರೆ. ಜನ್ಮತಿಥಿಯೂ ತಿಂಗಳ ಹೆಸರೂ ಹೀಗೆ ಒಂದಕ್ಕೊಂದು ತಾಳೆಯಾಗುತ್ತವೆ. ಎಲ್ಲ ವರ್ಷಗಳಲ್ಲಿಯೂ ಇದು ಕರಾರುವಾಕ್ಕಾಗಿ ಬರುವುದಿಲ್ಲ. ಕೆಲವು ವರ್ಷ ಒಂದು ನಕ್ಷತ್ರ ಆಚೀಚೆ ಆಗುವುದುಂಟು. ಆ ವ್ಯತ್ಯಾಸವೂ ನೋಡಿದವರಿಗೆ ಮಾತ್ರ ತಿಳಿಯುವಂತಹುದು.

ಅಚ್ಚಾದ ಪಂಚಾಂಗಗಳು ಮನೆಮನೆಗೆ ಬರುವ ಮೊದಲು, ಅಷ್ಟಮಿ-ಚತುರ್ದಶಿಗಳ ಉಪವಾಸವನ್ನು ಹಿಡಿದವನಿಗೆ ಚಂದ್ರನ ಕಡೆಗೆ ಲಕ್ಷ್ಯವಿಡುವುದು ಅಗತ್ಯವಾಗಿತ್ತು. ಈಗ ಗೋಡೆಯ ಕ್ಯಾಲೆಂಡರೂ ಕೈಯಲ್ಲಿಯ ಮೊಬೈಲೂ ತಿಥಿಯನ್ನು ತಿಳಿಸುತ್ತವೆ. ಅನುಕೂಲಕ್ಕಾಗಿ ಉತ್ಸವವನ್ನು ಭಾನುವಾರಕ್ಕೆ ಸರಿಸುವ ಕಡೆಗಳೂ ಉಂಟು. ದೂರದೂರುಗಳಲ್ಲಿ ನೌಕರಿಯಲ್ಲಿರುವ ಮಕ್ಕಳು ಬರಲೆಂಬ ಕಾರಣ ಅಲ್ಲಗಳೆಯತಕ್ಕದ್ದಲ್ಲ. ಆದರೆ ತಿಥಿಯು ಕೇವಲ ಸಭೆ ಸೇರುವ ದಿನವಾಗಿ ಉಳಿದಾಗ ವ್ರತವು ತನ್ನ ಸಾಕ್ಷಿಯನ್ನು ಕಳೆದುಕೊಳ್ಳುತ್ತದೆ. ಖಾತೆಯ ಬಾಕಿಯನ್ನು ಪೆಟ್ಟಿಗೆಯ ನಗದಿನೊಡನೆ ತಾಳೆ ನೋಡದ ವರ್ತಕನಿಗೆ ಲೆಕ್ಕ ಸರಿಯಿದ್ದರೂ ಅದು ಸರಿಯೆಂಬ ಜ್ಞಾನವಿರುವುದಿಲ್ಲ. ಸಮ್ಯಗ್ದರ್ಶನದ ಪಾರಮಾರ್ಥಿಕ ಅರ್ಥ ಬಹು ದೊಡ್ಡದು. ಕಣ್ಣೆದುರಿನ ಸತ್ಯವನ್ನು ಸ್ವತಃ ಪರಿಶೀಲಿಸುವ ಅಭ್ಯಾಸ ಆ ದಾರಿಯ ಒಂದು ಸಣ್ಣ ಮೆಟ್ಟಿಲು.

ಇದಕ್ಕೆ ನಿಧಿಯೂ ಬೇಡ, ಸಮಿತಿಯೂ ಬೇಡ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿ ಸಂಜೆಗೆ ಬಿಡುವಿದ್ದೇ ಇರುತ್ತದೆ. ಜಯಂತಿಯ ರಾತ್ರಿಯಿಂದ ಮೂರು ರಾತ್ರಿ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದರೆ ಸಾಕು. ಬೆಳದಿಂಗಳಿನಲ್ಲಿ ಹಸ್ತದ ಐದು ನಕ್ಷತ್ರಗಳು ಮಬ್ಬಾದರೂ ಬೆಳ್ಳಗಿನ ಚಿತ್ರೆಯು ಮಾಸದೆ ಉಳಿಯುತ್ತದೆ. ಚಂದ್ರನು ರಾತ್ರಿಯಿಂದ ರಾತ್ರಿಗೆ ಅದರತ್ತ ಸರಿಯುವುದನ್ನು ಕಂಡ ಮಗುವಿಗೆ ಚೈತ್ರವೆಂದರೇನೆಂದು ಮತ್ತೆ ವಿವರಿಸಬೇಕಾಗುವುದಿಲ್ಲ.